ಹೃದಯದ ಚಿತ್ರ ಒತ್ತಿದೆ, ಹೇಗಿದ್ದೀ ಅಂತ ಕೇಳಲಿಲ್ಲ

ನಿಮ್ಮ ಪ್ರಶ್ನೆ ಓದಿ ಎರಡು ದಿನವಾಯಿತು, ತಲೆಯಿಂದ ಹೋಗಿಲ್ಲ. ಮದುವೆಯಾಗಿ ಪುಣೆಗೆ ಬಂದಿದ್ದೀರಿ. ತವರಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ಇರುತ್ತೀರಿ. ಆದರೂ ಯಾರ ಜೊತೆಗೂ ಮಾತಾಡಿದ ಹಾಗೆ ಅನ್ನಿಸುವುದಿಲ್ಲ, ಸಂಜೆ ಹೊತ್ತಿಗೆ ಮನಸ್ಸು ಭಾರವಾಗುತ್ತದೆ. ತಪ್ಪು ನನ್ನದೋ ಫೋನಿನದೋ ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಉತ್ತರ ಅದರಲ್ಲೇ ಇದೆ ಎಂದು ನನಗನ್ನಿಸುತ್ತದೆ.

ನಾನು ಚನ್ನಗಿರಿ ಕಡೆಯವಳು, ದಾವಣಗೆರೆಯಲ್ಲಿ ಹೈಸ್ಕೂಲು ಟೀಚರ್. ಅವ್ವ ಊರಲ್ಲೇ ಇದ್ದಾಳೆ. ತಮ್ಮ, ಅವನ ಹೆಂಡತಿ, ಮಗಳು ಬೆಂಗಳೂರಲ್ಲಿ. ಮೊದಲೆಲ್ಲ ಭಾನುವಾರ ಬೆಳಗ್ಗೆ ತಮ್ಮ ಅವ್ವನಿಗೆ ಫೋನ್ ಮಾಡುತ್ತಿದ್ದ, ಆಮೇಲೆ ನನಗೆ. ಮಾತು ಎಂಥದ್ದು ಅಂದರೆ, "ಏನ್ ಅಡಿಗೆ?", "ಮಳೆ ಬಂತಾ?", "ಗೌರಿ ಕರು ಹಾಕ್ತಾ?" ಇಷ್ಟೇ. ಆಗ ನನಗೂ ಅದು ಹೊತ್ತು ಕಳೆಯುವ ಮಾತು ಅನ್ನಿಸುತ್ತಿತ್ತು. ಆದರೆ ಅವ್ವ ಸಾರು ಯಾವುದು ಎಂದು ಕೇಳುತ್ತಲೇ ದನಿಯನ್ನು ಆಲಿಸುತ್ತಿದ್ದಳು. "ಅವರೆಕಾಳು ಸಾರು" ಅಂತ ಅವನು ಹೇಳುವ ರೀತಿಯಲ್ಲೇ ಅವಳಿಗೆ ಏನೋ ತಿಳಿಯುತ್ತಿತ್ತು. "ದನಿ ಯಾಕೋ ಹಂಗೈತೆ? ಜ್ವರ ಬಂದೈತಾ?" ಎಂದು ಅಲ್ಲಿಂದ ನಿಜವಾದ ಮಾತು ಶುರುವಾಗುತ್ತಿತ್ತು.

2017ರಲ್ಲಿ ವಾಟ್ಸಾಪ್‌ಗೆ ಫೋಟೊ ಹಾಕುವ ಸ್ಟೇಟಸ್ ಬಂತು. ನಮ್ಮ ಮನೆಗೂ ನಿಧಾನವಾಗಿ ಬಂತು. ತಮ್ಮ ಮಗಳ ಹುಟ್ಟುಹಬ್ಬದ ಕೇಕು ಹಾಕುತ್ತಿದ್ದ, ನಂದಿಬೆಟ್ಟದ ಮಂಜು ಹಾಕುತ್ತಿದ್ದ, ಗಣೇಶನ ಹಬ್ಬದ ಕಡುಬು ಹಾಕುತ್ತಿದ್ದ. ನಾನು ನೋಡುತ್ತಿದ್ದೆ, ಹೃದಯದ ಚಿತ್ರ ಒತ್ತುತ್ತಿದ್ದೆ. ಅವರು ಎಲ್ಲಿಗೆ ಹೋಗಿ ಬಂದರು, ಏನು ಉಂಡರು, ಮಗು ಎಷ್ಟು ಎತ್ತರವಾಯಿತು, ಎಲ್ಲ ಗೊತ್ತಿರುತ್ತಿತ್ತು. ಗೊತ್ತಿರುವುದನ್ನು ಮತ್ತೆ ಫೋನ್ ಮಾಡಿ ಕೇಳುವುದೇನು? ಭಾನುವಾರದ ಫೋನು ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ ಆಯಿತು. ಯಾರೂ ಜಗಳ ಆಡಲಿಲ್ಲ, ಯಾರೂ ಬೇಕೆಂದು ಬಿಡಲಿಲ್ಲ.

ಎರಡು ವರ್ಷದ ಹಿಂದೆ ನೆಂಟರ ಗೃಹಪ್ರವೇಶಕ್ಕೆಂದು ಬೆಂಗಳೂರಿಗೆ ಹೋಗಿ ತಮ್ಮನ ಮನೆಯಲ್ಲಿ ಉಳಿದಿದ್ದೆ. ರಾತ್ರಿ ಅಡಿಗೆಮನೆಯಲ್ಲಿ ಅವನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿ ಇಡುತ್ತಿದ್ದೆ. ಮುಖ ನನ್ನ ಕಡೆ ತಿರುಗಿಸದೆಯೇ ಹೇಳಿದಳು: "ಅಕ್ಕಾ, ಇವರಿಗೆ ಕೆಲಸ ಹೋಗಿ ನಾಲ್ಕು ತಿಂಗಳಾಯ್ತು." ನಂದಿಬೆಟ್ಟದ ಫೋಟೊ ಹಾಕಿದ್ದು ಕೆಲಸ ಹೋದ ಮರುವಾರ. ಮನೆಯಲ್ಲಿ ಕೂತರೆ ಉಸಿರು ಕಟ್ಟುತ್ತದೆ ಅಂತ ಬೆಳಗಿನ ಜಾವ ಎದ್ದು ಹೋಗಿದ್ದರಂತೆ.

ಮಾರನೆಯ ದಿನ ದಾವಣಗೆರೆ ಬಸ್ಸಿನಲ್ಲಿ ಕೂತು ಆ ನಾಲ್ಕು ತಿಂಗಳ ಚಾಟ್ ತೆಗೆದು ನೋಡಿದೆ. ಹೃದಯ, ಹೂವು, ಮುಗಿದ ಕೈ, ನಗುವ ಮುಖ. ನನ್ನ ಕಡೆಯಿಂದ ಒಂದೇ ಒಂದು ಪ್ರಶ್ನೆ ಇರಲಿಲ್ಲ. ತುಮಕೂರು ದಾಟುವ ತನಕ ಕಿಟಕಿ ಕಡೆ ಮುಖ ಮಾಡಿ ಅತ್ತೆ.

ಆಮೇಲೆ ಅವನನ್ನೇ ಕೇಳಿದೆ, ಯಾಕೋ ಹೇಳಲಿಲ್ಲ ಅಂತ. "ಗ್ರೂಪಲ್ಲಿ ಹಾಕೋ ವಿಷಯಾನಾ ಅಕ್ಕಾ ಅದು?" ಅಂದ.

ನೋಡಿ, ನಮ್ಮ ಗ್ರೂಪಿನಲ್ಲಿ ಮೂವತ್ತೆರಡು ಜನರಿದ್ದೇವೆ. ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ, ಬೀಗರು, ಎಲ್ಲರೂ. ಮೂವತ್ತೆರಡು ಜನರ ಮುಂದೆ ಆಡುವ ಮಾತು ಮದುವೆ ಚಪ್ಪರದಲ್ಲಿ ಆಡುವ ಮಾತಿನ ಹಾಗೆ: ಎಲ್ಲರಿಗೂ ಕೇಳುತ್ತದೆ ಎಂಬ ಅರಿವಿನಲ್ಲೇ ಬಾಯಿ ತೆರೆಯುತ್ತೇವೆ. ಶುಭ ಸುದ್ದಿ, ಸಾವಿನ ಸುದ್ದಿ ಎರಡೂ ಅಲ್ಲಿ ನಡೆಯುತ್ತವೆ. ಕೆಲಸ ಹೋಗಿದೆ, ಸಾಲ ಏರಿದೆ, ಗಂಡನ ಮನೆಯಲ್ಲಿ ಬೇಸರವಾಗಿದೆ ಎನ್ನುವ ಮಾತಿಗೆ ಅಲ್ಲಿ ಜಾಗವೇ ಇಲ್ಲ. ನೀವು ದಿನವಿಡೀ ಚಪ್ಪರದಲ್ಲಿ ನಿಂತಿದ್ದೀರಿ, ಅಡಿಗೆಮನೆಗೆ ಬಂದೇ ಇಲ್ಲ. ಯಾರ ಜೊತೆಗೂ ಮಾತಾಡಿದ ಹಾಗೆ ಅನ್ನಿಸದಿರುವುದು ಅದಕ್ಕೇ.

ಇನ್ನು ಮನಸ್ಸು ಭಾರವಾಗುವ ವಿಷಯ. ಬೇರೆಯವರ ಸುಖದ ಫೋಟೊ ನೋಡಿ ಹೊಟ್ಟೆಕಿಚ್ಚಾಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಬಳಕೆದಾರರ ಮೇಲೆ ಒಂದು ಪ್ರಯೋಗ ಮಾಡಿತು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ಸಂತೋಷದ ಪೋಸ್ಟುಗಳು ಕಡಿಮೆ ಕಾಣುವ ಹಾಗೆ, ಕೆಲವರಿಗೆ ದುಃಖದವು ಕಡಿಮೆ ಕಾಣುವ ಹಾಗೆ ಮಾಡಿದ್ದರು. ಸಂತೋಷದ ಪೋಸ್ಟು ಕಡಿಮೆ ಕಂಡವರು ತಾವೂ ಸಂತೋಷದ ಪದಗಳನ್ನು ಕಡಿಮೆ ಬರೆದರು, ದುಃಖದ್ದು ಕಡಿಮೆ ಕಂಡವರು ದುಃಖದ ಪದಗಳನ್ನು ಕಡಿಮೆ ಬರೆದರು. ಅಂದರೆ ಅಲ್ಲಿ ಕಂಡದ್ದು ಹೊಟ್ಟೆಕಿಚ್ಚಲ್ಲ, ಒಬ್ಬರ ಭಾವ ಇನ್ನೊಬ್ಬರಿಗೆ ಅಂಟುವುದು. ಪರಿಣಾಮ ಬಹಳ ಸಣ್ಣದು, ಅದನ್ನೂ ಹೇಳಬೇಕು. ಆದರೆ ಆ ಆರು ಲಕ್ಷ ಚಿಲ್ಲರೆ ಜನರಲ್ಲಿ ಒಬ್ಬರನ್ನೂ ಮೊದಲು ಕೇಳಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ನಮ್ಮ ಕಣ್ಣಿಗೆ ಏನು ಬೀಳಬೇಕೆಂದು ಇನ್ಯಾರೋ ಆಯ್ದು ಕೊಡುತ್ತಾರೆ ಎಂಬುದು ಅವತ್ತು ಬಯಲಾಯಿತು. ಈಗಲೂ ಆಯ್ದೇ ಕೊಡುತ್ತಾರೆ.

ನನ್ನ ಅನುಭವದಲ್ಲಿ ಮನಸ್ಸನ್ನು ಹಿಂಡುವುದು ಸುಖದ ಫೋಟೊಗಿಂತ, ಕಳಿಸಿದ್ದನ್ನು ಓದಿದ್ದಾರೆ ಎಂದು ತೋರಿಸುವ ಆ ಎರಡು ನೀಲಿ ಗೆರೆ. 2014ರ ನವೆಂಬರ್‌ನಲ್ಲಿ ವಾಟ್ಸಾಪ್ ಅದನ್ನು ತಂದಿತು. ಅದಕ್ಕೂ ಮುಂಚೆ ಉತ್ತರ ಬರದಿದ್ದರೆ "ನೋಡಿಲ್ಲವೇನೋ" ಅಂದುಕೊಂಡು ಸುಮ್ಮನಾಗಬಹುದಿತ್ತು. ಕಾಗದದ ಕಾಲದಲ್ಲಿ ಅಂಚೆಯವನ ಮೇಲೆ ಹಾಕುತ್ತಿದ್ದೆವಲ್ಲ, ಹಾಗೆ. ಈಗ ಆ ನೆಪವೂ ಇಲ್ಲ. ನೋಡಿದ್ದಾಳೆ, ಆನ್‌ಲೈನ್ ಇದ್ದಾಳೆ, ಆದರೂ ಉತ್ತರ ಕೊಟ್ಟಿಲ್ಲ. ಅಲ್ಲಿಂದ ಮನಸ್ಸು ಕತೆ ಕಟ್ಟಲು ಶುರುಮಾಡುತ್ತದೆ. ಅವಳ ಒಲೆ ಮೇಲೆ ಹಾಲು ಉಕ್ಕುತ್ತಿತ್ತೋ, ಮಗು ಅಳುತ್ತಿತ್ತೋ ಯಾರಿಗೆ ಗೊತ್ತು? ಒಂದು ಫೋನ್ ಮಾಡಿ "ಯಾಕೆ ಮಾತಾಡಲಿಲ್ಲ?" ಎಂದು ಕೇಳಿದರೆ ಅರ್ಧ ನಿಮಿಷದಲ್ಲಿ ಬಗೆಹರಿಯುವುದನ್ನು ಮೂರು ದಿನ ಎದೆಯಲ್ಲಿಟ್ಟು ಕೊರಗುತ್ತೇವೆ. ಆ ಗೆರೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು (ಗ್ರೂಪಿನಲ್ಲಿ ಆಗುವುದಿಲ್ಲ). ನಾನು ಮಾಡಿದ್ದೇನೆ. ಹಾಗೆ ಮಾಡಿದರೆ ಬೇರೆಯವರು ಓದಿದ್ದು ನಮಗೂ ಕಾಣುವುದಿಲ್ಲ. ನನಗೆ ನೆಮ್ಮದಿ ಸಿಕ್ಕಿದ್ದು ಅದರಿಂದಲೇ.

ಕೇಳುವುದು ನಿಂತುಹೋದರೆ ಬರೀ ಮನಸ್ಸು ನೋಯುವಲ್ಲಿಗೆ ಮುಗಿಯುವುದಿಲ್ಲ. 2018ರ ಬೇಸಿಗೆ ನಿಮಗೆ ನೆನಪಿರಬಹುದು, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೊ ಊರೂರಿಗೆ ಹಬ್ಬಿತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಮಾಡಿದ ಕಿರುಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬರಹ ತೋರಿಸುತ್ತಾರೆ. ಆ ಕೊನೆಯನ್ನೇ ಕತ್ತರಿಸಿ ಹರಿಬಿಟ್ಟಿದ್ದರು.

ನಮ್ಮ ಗ್ರೂಪಿಗೆ ಅದನ್ನು ಕಳಿಸಿದ್ದು ನಮ್ಮ ಭಾವ, ಊರಲ್ಲಿ ಮರ್ಯಾದಸ್ಥರು. ಅವ್ವ ನಂಬಿದ್ದು ವಿಡಿಯೊವನ್ನಲ್ಲ, ಅಳಿಯನನ್ನು. ಮಕ್ಕಳನ್ನು ಹೊರಗೆ ಬಿಡಬೇಡಿ ಅಂತ ನನಗೂ ಫೋನ್ ಮಾಡಿ ಹೇಳಿದ್ದಳು. ಅದೇ ವಾರ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸನ್ನು ನಮ್ಮೂರ ಆಂಜನೇಯನ ಗುಡಿ ಹತ್ತಿರ ಹುಡುಗರು ಅಡ್ಡಗಟ್ಟಿದರು. ಅವ್ವ ಗಲಾಟೆ ಕೇಳಿ ಹೋದಳು. ಆ ಹೆಂಗಸು ಎಷ್ಟೋ ವರ್ಷದಿಂದ ನಮ್ಮ ಜಗಲಿ ಮೇಲೆ ಕೂತು ಮಜ್ಜಿಗೆ ಕುಡಿದು ಹೋದವಳು. ಅವ್ವ ಕೇಳಿದ್ದು ಒಂದೇ ಮಾತು: "ಯಾರ ಮನೆ ಮಗು ಹೋಗೈತೆ, ಹೇಳ್ರಪ್ಪ ನೋಡಾಣ." ಯಾರಿಗೂ ಗೊತ್ತಿರಲಿಲ್ಲ. ಪಕ್ಕದೂರಿಂದು ಅಂತ ಒಬ್ಬ, ಹೊಳಲ್ಕೆರೆ ಕಡೆ ಅಂತ ಇನ್ನೊಬ್ಬ. ಹೆಸರು ಹೇಳುವವರು ಒಬ್ಬರೂ ಇಲ್ಲ. ಹುಡುಗರು ಚೆದುರಿದರು. ಆ ಹೆಂಗಸು ಆಮೇಲೆ ನಮ್ಮೂರಿಗೆ ಬರಲೇ ಇಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಇದೇ ಅನುಮಾನದ ಮೇಲೆ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಜನರ ಹೊಡೆತಕ್ಕೆ ಸತ್ತರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ನೆಪವಾಯಿತು. ಅಲ್ಲಿಂದ ಕಾರು ಹತ್ತಿ ಹೊರಟರೂ ಸುದ್ದಿ ವಾಟ್ಸಾಪ್‌ನಲ್ಲಿ ಅವರಿಗಿಂತ ಮುಂದೆ ಹೋಗಿ ಮುಂದಿನ ಊರಿನಲ್ಲಿ ರಸ್ತೆ ಬಂದ್ ಮಾಡಿಸಿತ್ತು. ಆ ತಿಂಗಳಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ಮಾಡಿತು. ಒಳ್ಳೆಯದೇ ಆಯಿತು. ಆದರೆ ಆ ಐದರಲ್ಲಿ ಒಂದು ನಮ್ಮ ಮನೆಯ ಗ್ರೂಪಾದರೆ ಸಾಕಲ್ಲ. ಅಲ್ಲಿ ಭಾವ ಕಳಿಸಿದ್ದನ್ನು "ಇದು ನಿಮಗೆ ಎಲ್ಲಿಂದ ಬಂತು?" ಎಂದು ಕೇಳುವುದು ಹೇಗೆ? ಸೊಸೆ ಕೇಳಿದರೆ ಎದುರುತ್ತರ, ಚಿಕ್ಕವರು ಕೇಳಿದರೆ ಅಧಿಕಪ್ರಸಂಗ. ಜಾಲತಾಣದ ಪ್ರಭಾವ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ನಮ್ಮ ಮನೆಯ ಈ ಸಂಕೋಚದ್ದು. ನಾನು ಈಗ ಗ್ರೂಪಿನಲ್ಲಿ ಕೇಳುವುದಿಲ್ಲ, ಭಾವನಿಗೆ ಪ್ರತ್ಯೇಕವಾಗಿ ಫೋನ್ ಮಾಡಿ ಕೇಳುತ್ತೇನೆ. ಎರಡು ಸಲ ಅವರೇ ಅಳಿಸಿದ್ದಾರೆ.

ಫೋನೇ ಕೆಟ್ಟದ್ದು ಎಂದು ನಾನು ಹೇಳಲಾರೆ. ನಮ್ಮ ಚಿಕ್ಕಪ್ಪನಿಗೆ ಅಡಿಕೆ ತೋಟವಿದೆ. ಮೊದಲು ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ರೇಟು. ಈಗ ಬೆಳೆಗಾರರ ಗ್ರೂಪಿನಲ್ಲಿ ಅಡಿಕೆಯ ಒಂದೊಂದು ಬಗೆಯ ರೇಟು, ಚನ್ನಗಿರಿಯಲ್ಲಿ ರಾಶಿ ಎಷ್ಟು, ಶಿವಮೊಗ್ಗದಲ್ಲಿ ಬೆಟ್ಟೆ ಎಷ್ಟು, ಗೊರಬಲು ಎಷ್ಟು, ದಿನಾ ಬರುತ್ತದೆ. ಅದನ್ನು ನೋಡಿಕೊಂಡೇ ಅವರು ಮಾರುತ್ತಾರೆ. ಆ ಗ್ರೂಪಿನಲ್ಲಿ ಜನ ಸಂಕೋಚವಿಲ್ಲದೆ ಕೇಳುತ್ತಾರೆ: ಯಾವ ಮಂಡಿ, ಇವತ್ತಿನದೋ ನಿನ್ನೆಯದೋ, ಚೀಟಿ ಹಾಕಿ. ದುಡ್ಡಿನ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು ಮನುಷ್ಯರ ವಿಷಯದಲ್ಲಿ ಯಾಕೆ ಇರಬಾರದು ಎಂದು ನನಗೆ ಅನೇಕ ಸಲ ಅನ್ನಿಸಿದೆ.

ನಿಮಗೆ ನಾನು ಹೇಳುವುದು ಇಷ್ಟು. ಗ್ರೂಪ್ ಬಿಡಬೇಡಿ, ಬಿಟ್ಟರೆ ಅದೇ ಒಂದು ಸುದ್ದಿಯಾಗುತ್ತದೆ, ಮ್ಯೂಟ್ ಮಾಡಿ. ಆಮೇಲೆ ಆ ಗ್ರೂಪಿನಿಂದ ಇಬ್ಬರನ್ನು ಆರಿಸಿಕೊಳ್ಳಿ, ನಿಮ್ಮ ಅಮ್ಮ ಮತ್ತು ನಿಮಗೆ ಹತ್ತಿರವಾದ ಇನ್ನೊಬ್ಬರು. ಸ್ಟೇಟಸ್ ನೋಡಿದ ಮೇಲೂ, ನೋಡಿಯೇ ಇಲ್ಲ ಎನ್ನುವ ಹಾಗೆ ಫೋನ್ ಮಾಡಿ. ವಿಡಿಯೊ ಕಾಲ್ ಬೇಡ, ಅದರಲ್ಲಿ ಎಲ್ಲರೂ ಬಂದು ಮುಖ ತೋರಿಸಿ ಕೈ ಬೀಸಿ ಹೋಗುತ್ತಾರೆ. ಬರೀ ದನಿ ಸಾಕು. ನಮ್ಮ ಅವ್ವನಿಗೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ, ಏಳೂವರೆಯಿಂದ ಎಂಟರ ತನಕ ಬಿಡುವು. ನಾನು ಆ ಹೊತ್ತಿಗೇ ಮಾಡುತ್ತೇನೆ. ಮೊದಲ ಎರಡು ವಾರ ಮಾತೇ ಸಿಗಲಿಲ್ಲ, "ಮತ್ತೇನು, ಮತ್ತೇನು" ಅಂತಲೇ ಹೋಯಿತು. ಮೂರನೆಯ ವಾರ ಅವಳು ಮಂಡಿ ನೋವಿನ ವಿಷಯ ತೆಗೆದಳು. ಆರು ತಿಂಗಳಿಂದ ಇತ್ತಂತೆ. ದಿನಾ ಬೆಳಗ್ಗೆ ಐದೂವರೆಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಮಾತ್ರ ತಪ್ಪದೆ ಕಳಿಸುತ್ತಿದ್ದಳು.

ನಿಮ್ಮ ಅಮ್ಮನಿಗೆ ಬಿಡುವು ಯಾವ ಹೊತ್ತಿನಲ್ಲಿ? ಗೊತ್ತಿಲ್ಲದಿದ್ದರೆ ಇವತ್ತು ಸಂಜೆ ಅದನ್ನೇ ಕೇಳಿ.