ಮನೆಮಾತು: ‘ನಾವೇನು ಹುಚ್ಚರಾ’ ಅಂದ ಗಂಡನಿಗೆ ಏನು ಹೇಳಲಿ?

ಪ್ರಶ್ನೆ: ಮದುವೆಯಾಗಿ ಆರು ವರ್ಷ. ನಾಲ್ಕು ವರ್ಷದ ಮಗಳಿದ್ದಾಳೆ. ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಯಜಮಾನರು ಮೈಸೂರಿನ ಫ್ಯಾಕ್ಟರಿಯಲ್ಲಿದ್ದಾರೆ. ಬೆಳಗ್ಗೆ ರೈಲು ಹತ್ತಿದರೆ ಮನೆ ಸೇರುವಾಗ ರಾತ್ರಿ ಎಂಟು. ಬಂದ ಕೂಡಲೇ ಅತ್ತೆ ಒಂದು ಹೇಳುತ್ತಾರೆ, ನಾನೊಂದು ಹೇಳುತ್ತೇನೆ. ಯಜಮಾನರು ಮಾತೇ ಆಡದೆ ಫೋನ್ ಹಿಡಿದು ಮಹಡಿಗೆ ಹೋಗಿಬಿಡುತ್ತಾರೆ. ಕೌನ್ಸೆಲಿಂಗ್‌ಗೆ ಹೋಗೋಣ ಅಂದರೆ ‘ನಾವೇನು ಹುಚ್ಚರಾ’ ಅಂತಾರೆ. ಅಲ್ಲಿ ಏನು ಮಾಡ್ತಾರೆ? ನಾನೊಬ್ಬಳೇ ಹೋದರೆ ಪ್ರಯೋಜನ ಇದೆಯಾ?
– ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಇದರಲ್ಲಿ ಕೆಟ್ಟವರು ಯಾರೂ ಕಾಣಲಿಲ್ಲ. ದಣಿದು ಬಂದ ಒಬ್ಬರು, ಇಡೀ ದಿನ ಕಾದು ಕೂತ ಇಬ್ಬರು, ಅಷ್ಟೇ.

ಕೌನ್ಸೆಲಿಂಗ್ ಅಂದರೆ ಅರಳಿಕಟ್ಟೆ ಪಂಚಾಯ್ತಿ ಅಲ್ಲ. ತಪ್ಪು ಯಾರದ್ದು ಅಂತ ಅಲ್ಲಿ ತೀರ್ಮಾನ ಮಾಡುವುದಿಲ್ಲ. ಸುಮಾರು ಒಂದು ಗಂಟೆ ಇಬ್ಬರನ್ನೂ ಕೂರಿಸಿಕೊಂಡು, ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಮದುವೆಯಾದ ಹೊಸದರಲ್ಲಿ ಹೇಗಿದ್ರಿ, ಮೊನ್ನೆ ಜಗಳ ಶುರುವಾಗಿದ್ದು ಎಲ್ಲಿಂದ, ಅವರು ಎದ್ದು ಹೋದಾಗ ನಿಮಗೆ ಏನನ್ನಿಸಿತು, ನೀವು ಹಿಂದೆಯೇ ಮಹಡಿ ಹತ್ತಿ ಬಂದಾಗ ಅವರಿಗೆ ಏನನ್ನಿಸಿತು. ಜಗಳದ ವಿಷಯಕ್ಕಿಂತ ಜಗಳದ ದಾರಿಯನ್ನು ನೋಡುತ್ತಾರೆ. ಒಬ್ಬರು ಮಾತಿಗೆ ಎಳೆಯುವುದು, ಇನ್ನೊಬ್ಬರು ಸರಿದುಕೊಳ್ಳುವುದು, ಅವರು ಸರಿದಷ್ಟೂ ಇವರು ಜೋರಾಗಿ ಎಳೆಯುವುದು, ಈ ಸುತ್ತು ಎಷ್ಟೋ ಮನೆಗಳಲ್ಲಿ ಇದೆ. 1980ರ ದಶಕದಲ್ಲಿ ಕೆನಡಾದಲ್ಲಿ ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು ಇದನ್ನೇ ಹಿಡಿದು ಒಂದು ಚಿಕಿತ್ಸೆ ಕಟ್ಟಿದರು. ಅದರಲ್ಲಿ ಗಂಡ ಹೆಂಡತಿಯ ವೈರಿ ಅಲ್ಲ, ಹೆಂಡತಿ ಗಂಡನ ವೈರಿ ಅಲ್ಲ, ಆ ಸುತ್ತೇ ಇಬ್ಬರ ವೈರಿ. ‘ನೀವು ನನ್ನ ಮಾತು ಕೇಳಲ್ಲ’ ಅನ್ನುವ ಸಿಟ್ಟಿನ ಕೆಳಗೆ ‘ನಾನು ನಿಮಗೆ ಬೇಡವಾದೆನಾ’ ಅನ್ನುವ ಭಯ ಇರುತ್ತದೆ. ಆ ಭಯ ಬಾಯಿಗೆ ಬಂದ ದಿನ ಎದುರಿಗೆ ಕೂತವರ ಮುಖ ಬದಲಾಗುತ್ತದೆ. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಇನ್ನು ಅತ್ತೆಯ ವಿಷಯ. ಮರ್ರೆ ಬೋವೆನ್ ಅನ್ನುವ ಅಮೆರಿಕದ ಮನೋವೈದ್ಯರು ಇದನ್ನು ತ್ರಿಕೋನ ಅಂದರು. ಇಬ್ಬರ ನಡುವೆ ಬಿಗಿ ಜಾಸ್ತಿ ಆದಾಗ ಅವರು ಮೂರನೆಯವರನ್ನು ಎಳೆದುಕೊಳ್ಳುತ್ತಾರೆ. ನಿಮ್ಮ ಮನೆಯಲ್ಲಿ ಅತ್ತೆಗೂ ನಿಮಗೂ ಆಗುವ ತಿಕ್ಕಾಟ ನೇರವಾಗಿ ಮುಗಿಯುತ್ತಿಲ್ಲ. ಎಂಟು ಗಂಟೆ ತನಕ ಕಾದು ಮಗನ ಮೇಲೆ, ಗಂಡನ ಮೇಲೆ ಬೀಳುತ್ತಿದೆ. ಅವರು ಯಾರ ಕಡೆ ಮಾತಾಡಿದರೂ ಇನ್ನೊಬ್ಬರಿಗೆ ದ್ರೋಹ ಮಾಡಿದ ಹಾಗೆ. ಹಾಗಾಗಿ ಮಹಡಿ ಹತ್ತುತ್ತಾರೆ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ನೀವು ಕೆಳಗೆ ಒಬ್ಬರೇ ಉಳಿಯುವ ನೋವು ಸಣ್ಣದಲ್ಲ. ಆದರೆ ಅದು ತಿರಸ್ಕಾರ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ.

‘ಬೇರೆ ಮನೆ ಮಾಡಿ’ ಅಂತ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ, ಅಲ್ವಾ? ಕೆಲವರಿಗೆ ಅದು ಬೇಕಾಗಬಹುದು. ಆದರೆ ಮೊದಲು ಬೇಕಾಗಿರುವುದು ಒಂದು ಗೆರೆ. ಬಂದವರು ಕೈಕಾಲು ತೊಳೆದು, ಮಗಳನ್ನು ಎತ್ತಿಕೊಂಡು, ಊಟ ಮುಗಿಸುವ ತನಕ ಯಾರ ದೂರೂ ಬೇಡ. ಊಟ ಆದ ಮೇಲೆ ಅರ್ಧ ಗಂಟೆ ನೀವಿಬ್ಬರೇ. ಅಮ್ಮನ ಜೊತೆ ಅವರು ಬೇರೆಯಾಗಿ ಕೂತು ಮಾತಾಡಲಿ, ಅದೂ ಅವರಿಗೆ ಸಲ್ಲಬೇಕಾದದ್ದೇ. ಅತ್ತೆಗೆ ಹೇಳಬೇಕಾದ್ದನ್ನು ಮಗನೇ ಹೇಳಬೇಕು, ನಿಮ್ಮ ತವರಿಗೆ ಹೇಳಬೇಕಾದ್ದನ್ನು ನೀವು ಹೇಳಬೇಕು.

ಜಗಳದ ನಡುವೆ ಎದ್ದು ಹೋಗುವುದರ ಬಗ್ಗೆಯೂ ಒಂದು ಮಾತು. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ದಂಪತಿಗಳಿಗೆ ಉಪಕರಣ ಕಟ್ಟಿ, ಅವರು ಜಗಳವಾಡುವಾಗ ಎದೆಬಡಿತ ಅಳೆದರು. ಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಮನುಷ್ಯನಿಗೆ ಎದುರಿನ ಮಾತು ಸರಿಯಾಗಿ ಕಿವಿಗೆ ಇಳಿಯುವುದಿಲ್ಲ ಅನ್ನುತ್ತಾರೆ ಅವರು. ಕನಿಷ್ಠ 20 ನಿಮಿಷ ಬಿಡುವು ಬೇಕು. ಆದರೆ ಸುಮ್ನೆ ಎದ್ದು ಹೋಗುವುದಲ್ಲ. ‘ಈಗ ಆಗ್ತಿಲ್ಲ, ಒಂಬತ್ತೂವರೆಗೆ ಬರ್ತೀನಿ’ ಅಂತ ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ದಂಪತಿಗಳ ತಕರಾರುಗಳಲ್ಲಿ ಶೇಕಡಾ 69ರಷ್ಟು ಪೂರ್ತಿ ಬಗೆಹರಿಯುವುದೇ ಇಲ್ಲ ಅಂತಲೂ ಗಾಟ್‌ಮನ್ ಹೇಳುತ್ತಾರೆ. ನನಗೆ ಇದು ಸಮಾಧಾನದ ಮಾತು. ಎಲ್ಲವನ್ನೂ ಗೆಲ್ಲಲೇಬೇಕು ಅನ್ನುವ ಭಾರ ಕಮ್ಮಿ ಆಗುತ್ತದೆ.

ಒಬ್ಬರೇ ಹೋಗಬಹುದಾ? ಖಂಡಿತ ಹೋಗಿ. ನೀವು ಒಬ್ಬರು ಹೆಜ್ಜೆ ಬದಲಾಯಿಸಿದರೂ ಆ ಸುತ್ತು ಮೊದಲಿನ ಹಾಗೆ ತಿರುಗುವುದಿಲ್ಲ. ಅವರಿಗೆ ‘ನಿಮ್ಮನ್ನು ಸರಿ ಮಾಡಿಸೋಕೆ’ ಅಂತ ಮಾತ್ರ ಹೇಳಬೇಡಿ. ‘ನನಗೆ ನಿಮ್ಮ ಜೊತೆ ಮಾತಾಡೋದು ಮರೆತೇ ಹೋಗಿದೆ, ಅದಕ್ಕೆ ಹೋಗ್ತಿದ್ದೀನಿ, ಒಂದು ಸಲ ಜೊತೆಗೆ ಬನ್ನಿ’ ಅನ್ನಿ.

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ಮಗ ದ್ವಿತೀಯ ಪಿಯುಸಿ. ಮೂರು ತಿಂಗಳಿಂದ ರೂಮಿನ ಬಾಗಿಲು ಹಾಕಿಕೊಂಡೇ ಇರುತ್ತಾನೆ, ಕಾಲೇಜಿಗೂ ಸರಿಯಾಗಿ ಹೋಗುತ್ತಿಲ್ಲ. ಆಪ್ತ ಸಮಾಲೋಚಕರ ಹತ್ತಿರ ಕರೆದುಕೊಂಡು ಹೋದರೆ ಅಪ್ಪ, ಅಮ್ಮ, ತಂಗಿ ಎಲ್ಲರೂ ಬನ್ನಿ ಅಂದರು. ತೊಂದರೆ ಅವನಿಗೆ, ನಮ್ಮನ್ನು ಯಾಕೆ ಕರೆಯುತ್ತಾರೆ?
– ಒಬ್ಬ ತಂದೆ, ಮೈಸೂರು

ಉತ್ತರ: ನಿಮ್ಮನ್ನು ದೂರಲು ಕರೆದಿಲ್ಲ. ಮಗನಿಗೆ ಸಿಗಬಹುದಾದ ದೊಡ್ಡ ಔಷಧ ನೀವೇ ಅಂತ ಕರೆದಿದ್ದಾರೆ. ನಮ್ಮ ದೇಶದಲ್ಲಿ ಇದು ಹೊಸದೇನೂ ಅಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಟೆಂಟ್ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳು ಒಟ್ಟಿಗೆ ಉಳಿದು ಚಿಕಿತ್ಸೆ ಪಡೆಯುವ ವಿಭಾಗವೇ ಇದೆ.

ಸಾಲ್ವಡೋರ್ ಮಿನುಚಿನ್ ಅಂತ ಒಬ್ಬ ವೈದ್ಯರಿದ್ದರು, ಅರ್ಜೆಂಟೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದವರು. ಮನೆಯವರು ಒಳಗೆ ಬಂದು ಯಾರ ಪಕ್ಕ ಯಾರು ಕೂತರು ಅನ್ನುವುದನ್ನೇ ಗಮನಿಸುತ್ತಿದ್ದರು. ಅಪ್ಪ ಅಮ್ಮನ ನಡುವೆ ಮಗು ಕೂತಿದ್ದರೆ ಎದ್ದು ಜಾಗ ಬದಲಾಯಿಸಲು ಹೇಳುತ್ತಿದ್ದರು. ಅಪ್ಪ ಅಮ್ಮನ ನಡುವೆ ಮಾತು ನಿಂತುಹೋದ ಮನೆಯಲ್ಲಿ ಮಗುವೇ ಸುದ್ದಿ ಮುಟ್ಟಿಸುವ ಸೇತುವೆ ಆಗುತ್ತದೆ. ಇಬ್ಬರೂ ಮಾತಾಡುವುದು ಮಗನ ಮಾರ್ಕ್ಸ್ ಬಗ್ಗೆ ಮಾತ್ರ ಅಂತಾದರೆ, ಆ ಮಾರ್ಕ್ಸ್ ಮೇಲೆ ಎಷ್ಟು ಭಾರ ಬೀಳುತ್ತದೆ ಯೋಚಿಸಿ. ನಿಮ್ಮ ಮನೆ ಹಾಗೇ ಇದೆ ಅಂತ ನಾನು ಹೇಳಲಾರೆ. ಅದನ್ನು ನೋಡಲೆಂದೇ ಎಲ್ಲರನ್ನೂ ಕರೆದಿರುವುದು. ಹೋಗಿ.

ಜೊತೆಗೆ, ಮೂರು ತಿಂಗಳು ಅಂದರೆ ಕಮ್ಮಿ ಸಮಯ ಅಲ್ಲ. ಖಿನ್ನತೆ ಇದೆಯಾ ಅಂತ ಮನೋವೈದ್ಯರಿಗೂ ಒಮ್ಮೆ ತೋರಿಸಿ. ನಿದ್ದೆ, ಊಟ ಬಿಟ್ಟಿದ್ದಾನಾ, ‘ನಾನು ಇರಬಾರದಿತ್ತು’ ಅನ್ನುವಂಥ ಮಾತು ಬರುತ್ತಿದೆಯಾ ಗಮನಿಸಿ. ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ, ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸೇವೆ ಅದು.

ಪ್ರಶ್ನೆ: ಒಳ್ಳೆಯ ಕೌನ್ಸೆಲರ್ ಅಂತ ಹೇಗೆ ಗುರುತಿಸುವುದು? ಎಷ್ಟು ಸಲ ಹೋಗಬೇಕು? ವಿಷಯ ಊರಿಗೆಲ್ಲ ಗೊತ್ತಾದರೆ?
– ಮದ್ದೂರಿನ ದಂಪತಿ

ಉತ್ತರ: ಏನು ಓದಿದ್ದೀರಿ, ದಂಪತಿಗಳ ಜೊತೆ ಕೆಲಸ ಮಾಡುವ ತರಬೇತಿ ಆಗಿದೆಯಾ ಅಂತ ಮೊದಲೇ ಕೇಳಿ. ಕೇಳಿದ್ದಕ್ಕೆ ಬೇಸರ ಮಾಡಿಕೊಂಡರೆ ಬೇರೆಯವರನ್ನು ನೋಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಮೊದಲ ದಿನವೇ ಒಬ್ಬರ ಪಕ್ಷ ಹಿಡಿಯುವವರು, ಎರಡೇ ಭೇಟಿಯಲ್ಲಿ ಸರಿ ಮಾಡುತ್ತೇನೆ ಅನ್ನುವವರು, ಇವರ ಹತ್ತಿರ ಮತ್ತೆ ಹೋಗಬೇಡಿ. ದುಡ್ಡಿನ ಚಿಂತೆ ಇದ್ದರೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರು ಮಾಡಿ. ಮೇಲೆ ಹೇಳಿದ ಕೆನಡಾದ ವಿಧಾನದಲ್ಲಿ ಸಾಮಾನ್ಯವಾಗಿ 8ರಿಂದ 20 ಭೇಟಿ. ಗುಟ್ಟಿನ ಬಗ್ಗೆ ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ.

ಪ್ರಶ್ನೆ: ಗಂಡ ಹೊಡೆಯುತ್ತಾರೆ. ಇಬ್ಬರು ಮಕ್ಕಳ ಜೊತೆ ಅಣ್ಣನ ಮನೆಗೆ ಬಂದಿದ್ದೇನೆ. ಇಬ್ಬರೂ ಕೂತು ಕೌನ್ಸೆಲಿಂಗ್ ತಗೊಂಡು ವಾಪಸ್ ಹೋಗು ಅಂತ ಅಣ್ಣ ಹೇಳುತ್ತಿದ್ದಾನೆ. ಹೋಗಲಾ?
– ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಈಗ ಬೇಡ. ಮೇಲೆ ನಾನು ಹೇಳಿದ ಯಾವುದೂ ನಿಮಗೆ ಅನ್ವಯ ಆಗುವುದಿಲ್ಲ. ಹೊಡೆತ ಇರುವ ಕಡೆ ಇಬ್ಬರನ್ನೂ ಒಟ್ಟಿಗೆ ಕೂರಿಸುವುದು ಅಪಾಯ. ಅಲ್ಲಿ ನೀವು ನಿಜ ಹೇಳಿದರೆ ಮನೆಗೆ ಹೋದ ಮೇಲೆ ಅದಕ್ಕೆ ಪೆಟ್ಟು ತಿನ್ನಬೇಕಾಗಬಹುದು. ಹೇಳದಿದ್ದರೆ ಆ ಭೇಟಿಗೆ ಅರ್ಥವೇ ಇಲ್ಲ. ಹೊಡೆತ ಇಬ್ಬರ ನಡುವಿನ ಸುತ್ತು ಅಲ್ಲ. ಕೈ ಎತ್ತಿದವರ ಹೊಣೆ ಅದು. ನೀವು ಬೇಕಾದರೆ ನಿಮ್ಮ ನೆಮ್ಮದಿಗಾಗಿ ಒಬ್ಬರೇ ಸಮಾಲೋಚಕರನ್ನು ನೋಡಿ.

ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಿಮಗೆ ರಕ್ಷಣೆಯ ಆದೇಶ, ಗಂಡನ ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ಹಣ ಎಲ್ಲಕ್ಕೂ ದಾರಿ ಇದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ರಕ್ಷಣಾಧಿಕಾರಿಯನ್ನು ಕೇಳಿ, ಅರ್ಜಿಗೆ ಸಹಾಯ ಮಾಡುವುದು ಅವರ ಕೆಲಸ. ಪೆಟ್ಟಾದಾಗ ತೋರಿಸಿದ ಆಸ್ಪತ್ರೆ ಚೀಟಿ, ಆಧಾರ್, ಮಕ್ಕಳ ಜನನ ಪತ್ರ ಒಂದು ಕಡೆ ಜೋಪಾನ ಮಾಡಿ ಇಡಿ.

ಈ ಪುಟವನ್ನು ನಿಮ್ಮ ಅಣ್ಣನಿಗೂ ಓದಿಸಿ. ಅವರು ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿರಬಹುದು. ಆದರೆ ಈಗ ನಿಮಗೂ ಮಕ್ಕಳಿಗೂ ಅವರ ಮನೆಯಲ್ಲಿ ಇನ್ನೂ ಸ್ವಲ್ಪ ದಿನ ಜಾಗ ಬೇಕು.