ಒಂದು ಬೈಗುಳ ರಾತ್ರಿಯಿಡೀ ಕಾಡಿದರೆ ಏನು ಮಾಡೋದು?

ದಿನವೆಲ್ಲ ಚೆನ್ನಾಗಿದ್ದರೂ ಮ್ಯಾನೇಜರ್ ಅಂದ ಒಂದೇ ಮಾತು ರಾತ್ರಿ ತಲೆಯಲ್ಲಿ ಸುತ್ತುತ್ತದೆ, ಎಲ್ಲರೂ ‘ಪಾಸಿಟಿವ್ ಆಗಿರು’ ಅಂತಾರೆ, ಆದರೆ ಹೇಗೆ ಅಂತ ಕೇಳಿದ್ದೀರಿ. ಇದು ನಿಮ್ಮೊಬ್ಬರ ಕೊರತೆ ಅಲ್ಲ. ಹೊಗಳಿಕೆಗಿಂತ ಬೈಗುಳವೇ ನಮ್ಮ ಮನಸ್ಸಿಗೆ ಜಾಸ್ತಿ ಅಂಟಿಕೊಳ್ಳುತ್ತದೆ. ಬಲವಂತವಾಗಿ ಓಡಿಸಲು ಹೋಗಬೇಡಿ, ಓಡಿಸಿದಷ್ಟೂ ವಾಪಸ್ ಬರುತ್ತದೆ.

ಒಂದು ಅಭ್ಯಾಸ ಮಾಡಿ ನೋಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದದ್ದು ಇದು. ಒಂದು ವಾರ, ಪ್ರತಿ ರಾತ್ರಿ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಬರೆಯಬೇಕು. ಅದು ಯಾಕೆ ಹಾಗಾಯಿತು ಅಂತಲೂ ಬರೆಯಬೇಕು. ಆರು ತಿಂಗಳ ನಂತರವೂ ಅದರ ಪರಿಣಾಮ ಕಂಡಿತ್ತು. ಬಹಳ ಜನ ಈ ‘ಯಾಕೆ’ಯನ್ನೇ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಜೀವ ಇರುವುದೇ ಅಲ್ಲಿ. ‘ಊಟ ಚೆನ್ನಾಗಿತ್ತು’ ಅಂತ ಸುಮ್ನೆ ಬರೆದರೆ ಸಪ್ಪೆ. ‘ಪಕ್ಕದ ಟೇಬಲ್‌ನವರು ಬಸ್ಸಾರು ತಂದು ನನಗೂ ಬಡಿಸಿದರು. ಹೋದ ವಾರ ಅವರ ರಿಪೋರ್ಟ್ ಮುಗಿಸಲು ನಾನು ಕೂತಿದ್ದು ಅವರಿಗೆ ನೆನಪಿತ್ತು’ ಅಂತ ಬರೆಯಿರಿ. ಆಗ ಅದರಲ್ಲಿ ನಿಮ್ಮ ಪಾಲೂ ಕಾಣುತ್ತದೆ, ಅಲ್ವಾ?

ಮ್ಯಾನೇಜರ್ ಮಾತನ್ನೂ ಅವರು ಅಂದ ಹಾಗೇ ಬರೆದಿಡಿ. ‘ಈ ಲೆಕ್ಕ ತಪ್ಪಿದೆ’ ಅಂದಿದ್ದರೆ ಅಷ್ಟೇ. ‘ನಾನು ಯಾವುದಕ್ಕೂ ಆಗದವನು’ ಅನ್ನೋದು ನಾವು ಸೇರಿಸಿಕೊಂಡ ಸಾಲು.

ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಮಾತ್ರ ಡೈರಿ ಸಾಲದು. ದಯವಿಟ್ಟು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಹೊತ್ತೂ ಸಿಗುತ್ತಾರೆ.