ಎಡಿಟ್ ಟೇಬಲ್‌ನಿಂದ: ಬುಲೆಟಿನ್‌ಗೆ ಯಾವ ಫಾರ್ಮ್ಯಾಟ್?

ಪ್ರಶ್ನೆ: ಚಿಕ್ಕದೊಂದು ಸುದ್ದಿ ವಾಹಿನಿಯಲ್ಲಿ ಎಡಿಟಿಂಗ್ ನೋಡಿಕೊಳ್ಳುತ್ತೇನೆ. ಹತ್ತು ಸೀಟ್, ಎಲ್ಲರಿಗೂ ಸೇರಿ ಒಂದೇ ಸ್ಟೋರೇಜ್. ಕ್ಯಾಮೆರಾಗಳು ವಿಡಿಯೊ ಬರೆಯುವುದು ಎಕ್ಸ್‌ಡಿಕ್ಯಾಮ್ ಎಚ್‌ಡಿ 422 ಅನ್ನುವ ಫಾರ್ಮ್ಯಾಟ್‌ನಲ್ಲಿ. ಸುದ್ದಿಯನ್ನು ಪ್ರಸಾರಕ್ಕೆ ಬಿಡುವ ಪ್ಲೇಔಟ್ ಸರ್ವರ್ ತೆಗೆದುಕೊಳ್ಳುವುದೂ ಅದನ್ನೇ. ಈಗ ಹೊಸದಾಗಿ ಬಂದ ಮೇಲಿನವರು, ‘ಎಲ್ಲವನ್ನೂ ಪ್ರೊರೆಸ್ 422 ಎಚ್‌ಕ್ಯೂ ಫಾರ್ಮ್ಯಾಟ್‌ಗೆ ಬದಲಿಸಿಕೊಂಡು ಎಡಿಟ್ ಮಾಡಿ, ಕ್ವಾಲಿಟಿ ಚೆನ್ನಾಗಿರುತ್ತೆ’ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಬೇಡ. ನಿಮ್ಮ ಕ್ಯಾಮೆರಾ ಬರೆದದ್ದು ಸೆಕೆಂಡಿಗೆ 50 ಮೆಗಾಬಿಟ್, 8 ಬಿಟ್ ಚಿತ್ರ. ಅದನ್ನು ಪ್ರೊರೆಸ್‌ಗೆ ಸುರಿದರೆ ಫೈಲ್ ದಪ್ಪ ಆಗುತ್ತದೆ ಅಷ್ಟೇ, ಇಲ್ಲದ ವಿವರ ಎಲ್ಲಿಂದ ಬರಬೇಕು? ಕೊನೆಗೆ ಪ್ಲೇಔಟ್‌ಗೆ ಕಳಿಸುವಾಗ ಮತ್ತೆ 50 ಮೆಗಾಬಿಟ್‌ಗೇ ಇಳಿಸಬೇಕು. ಹೋಗುವಾಗ ಒಂದು ಕನ್ವರ್ಶನ್, ಬರುವಾಗ ಇನ್ನೊಂದು. ಸುಮ್ನೆ ಎರಡು ಸಲ ಕಾಯುವುದು.

ಲೆಕ್ಕ ಹಾಕಿ ತೋರಿಸಿ, ಮೇಲಿನವರು ಬೇಗ ಒಪ್ಪುತ್ತಾರೆ. ಒಂದೂವರೆ ನಿಮಿಷದ ಪ್ಯಾಕೇಜ್ (ಎಡಿಟ್ ಆದ ಸುದ್ದಿ ತುಣುಕು) ನಿಮ್ಮ ಈಗಿನ ಫಾರ್ಮ್ಯಾಟ್‌ನಲ್ಲಿ ಸುಮಾರು 560 ಎಂಬಿ. 25 ಫ್ರೇಮಿನ ಪ್ರೊರೆಸ್ ಎಚ್‌ಕ್ಯೂ ಸೆಕೆಂಡಿಗೆ 184 ಮೆಗಾಬಿಟ್, ಅಂದರೆ ಅದೇ ಪ್ಯಾಕೇಜ್ 2 ಜಿಬಿ ದಾಟುತ್ತದೆ. ಒಬ್ಬರೇ ಕೂತು ಎಡಿಟ್ ಮಾಡಿದರೆ ಇದು ಗೊತ್ತೇ ಆಗುವುದಿಲ್ಲ. ಬುಲೆಟಿನ್‌ಗೆ ಕಾಲು ಗಂಟೆ ಇರುವಾಗ ಹತ್ತೂ ಸೀಟ್ ಒಂದೇ ಸ್ಟೋರೇಜ್‌ನಿಂದ ಎರಡೆರಡು ಲೇಯರ್ (ಒಂದರ ಮೇಲೊಂದು ಇಟ್ಟ ವಿಡಿಯೊ) ಎಳೆಯುತ್ತವೆ ಅಂದುಕೊಳ್ಳಿ. ಈಗ ಸೆಕೆಂಡಿಗೆ 125 ಎಂಬಿ ಸಾಕು. ಎಚ್‌ಕ್ಯೂ ಆದರೆ 460 ಬೇಕು. ಟೈಮ್‌ಲೈನ್, ಅಂದರೆ ಎಡಿಟರ್ ಕ್ಲಿಪ್ ಜೋಡಿಸುವ ಜಾಗ, ತೊದಲಲು ಶುರುವಾಗುವುದು ಆಗಲೇ.

ಸುದ್ದಿಗೆ ಫಾರ್ಮ್ಯಾಟ್ ಆರಿಸುವಾಗ ನಾನು ಯಾವಾಗಲೂ ಹಿಂದಿನಿಂದ ಮುಂದಕ್ಕೆ ಬರುತ್ತೇನೆ. ಮೊದಲು ಪ್ಲೇಔಟ್ ಎಂಜಿನಿಯರ್ ಹತ್ತಿರ ಹೋಗಿ, ‘ನಿಮ್ಮ ಸರ್ವರ್ ಏನನ್ನು ಮರುಮಾತಿಲ್ಲದೆ ತಗೊಳ್ಳುತ್ತೆ?’ ಅಂತ ಕೇಳಬೇಕು. ಆಮೇಲೆ ಟೈಮ್‌ಲೈನ್. ಕೊನೆಗೆ ಕ್ಯಾಮೆರಾ. ನಿಮ್ಮಲ್ಲಿ ಮೂರೂ ಒಂದೇ ಆಗಿವೆ, ಇಂಥ ಅದೃಷ್ಟ ಎಲ್ಲರಿಗೂ ಇರುವುದಿಲ್ಲ, ಅದನ್ನು ಕೆಡಿಸಿಕೊಳ್ಳಬೇಡಿ.

ಇಲ್ಲೊಂದು ಲಾಭವಿದೆ, ಬಹಳ ಜನ ಬಳಸುವುದೇ ಇಲ್ಲ. ನಿಮ್ಮದು ಲಾಂಗ್ ಜಿಒಪಿ. 25 ಫ್ರೇಮಿನ ವಿಡಿಯೊದಲ್ಲಿ 12 ಫ್ರೇಮಿನ ಒಂದೊಂದು ಗುಂಪು, ಗುಂಪಿಗೆ ಒಂದೇ ಪೂರ್ತಿ ಚಿತ್ರ, ಉಳಿದವುಗಳಲ್ಲಿ ಬರೀ ವ್ಯತ್ಯಾಸ. ಟೈಮ್‌ಲೈನ್, ಎಕ್ಸ್‌ಪೋರ್ಟ್ ಎರಡೂ ಇದೇ ಫಾರ್ಮ್ಯಾಟ್ ಆಗಿದ್ದು, ನಿಮ್ಮ ಸಾಫ್ಟ್‌ವೇರ್‌ನಲ್ಲಿ ಸ್ಮಾರ್ಟ್ ರೆಂಡರ್ ಇದ್ದರೆ, ಕಟ್ ಬಿದ್ದ ಜಾಗದ ಗುಂಪುಗಳನ್ನು ಮಾತ್ರ ಹೊಸದಾಗಿ ಎನ್‌ಕೋಡ್ ಮಾಡುತ್ತದೆ. ಮಿಕ್ಕಿದ್ದು ನೇರ ಕಾಪಿ. ಎಕ್ಸ್‌ಪೋರ್ಟ್ ಅನ್ನುವುದು ಹೆಚ್ಚುಕಡಿಮೆ ಫೈಲ್ ಕಾಪಿಯಷ್ಟೇ ಬೇಗ ಮುಗಿಯುತ್ತದೆ. ಆದರೆ ಇಡೀ ಪ್ಯಾಕೇಜ್ ಮೇಲೆ ಒಂದು ಲೋಗೊ ಅಥವಾ ಬಣ್ಣದ ಫಿಲ್ಟರ್ ಹಾಕಿದಿರೋ, ಪ್ರತಿ ಫ್ರೇಮೂ ಹೊಸದೇ, ಆ ಲಾಭ ಅಲ್ಲಿಗೇ ಮುಗಿಯಿತು. ಅದಕ್ಕೇ ಪರದೆಯ ಕೆಳಗೆ ಬರುವ ಹೆಸರಿನ ಪಟ್ಟಿ, ಲೋಗೊ, ಸ್ಕ್ರೋಲ್ ಎಲ್ಲವನ್ನೂ ಕಂಟ್ರೋಲ್ ರೂಮಿನ ಗ್ರಾಫಿಕ್ಸ್ ಮಷಿನ್‌ಗೇ ಬಿಡಿ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಆಗ ಪ್ಯಾಕೇಜ್ ಮತ್ತೆ ಎಕ್ಸ್‌ಪೋರ್ಟ್ ಮಾಡಬೇಕಾಗಿಲ್ಲ.

ಮೇಲಿನವರ ಮಾತಿನಲ್ಲಿ ಸ್ವಲ್ಪ ಹುರುಳೂ ಇದೆ. ಪ್ರೋಮೊ, ಗ್ರೀನ್ ಸ್ಕ್ರೀನ್, ವಾರದ ವಿಶೇಷ ಕಾರ್ಯಕ್ರಮ, ಹೀಗೆ ನಾಲ್ಕಾರು ಲೇಯರ್ ಹಾಕಿ ಮತ್ತೆ ಮತ್ತೆ ರೆಂಡರ್ ಮಾಡುವ ಕೆಲಸಕ್ಕೆ ಪ್ರೊರೆಸ್ ಅಥವಾ ಅದರಂಥದೇ ಡಿಎನ್‌ಎಕ್ಸ್‌ಎಚ್‌ಡಿ ಫಾರ್ಮ್ಯಾಟ್ ಒಳ್ಳೆಯದು. ಅವುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಇರುತ್ತದೆ, 10 ಬಿಟ್ ಕೂಡ ಸಿಗುತ್ತದೆ, ಅಂದರೆ ಬಣ್ಣದ ಇನ್ನಷ್ಟು ಸೂಕ್ಷ್ಮ ಹಂತಗಳು. ಆ ಕೆಲಸಕ್ಕೆ ಒಂದೆರಡು ಸೀಟ್ ಬೇರೆ ಇಡಿ. ಅವರೂ ಖುಷಿ, ನೀವೂ ಖುಷಿ.

ಇನ್ನೊಂದು ಮಾತು. ಫಾರ್ಮ್ಯಾಟ್ ಅಂದರೆ ಬರೀ ಚಿತ್ರ ಅಲ್ಲ. ರಾತ್ರಿ 9ರ ಬುಲೆಟಿನ್‌ಗೆ 8:54ಕ್ಕೆ ಕಳಿಸಿದ ಪ್ಯಾಕೇಜನ್ನು ಸರ್ವರ್ ವಾಪಸ್ ತಳ್ಳಿದ್ದನ್ನು ಕಣ್ಣಾರೆ ನೋಡಿದ್ದೇನೆ. ಚಿತ್ರ ಸರಿಯಾಗಿಯೇ ಇತ್ತು. ಸರ್ವರ್ ಕೇಳುತ್ತಿದ್ದದ್ದು 8 ಆಡಿಯೊ ಟ್ರ್ಯಾಕ್, ಫೈಲಿನಲ್ಲಿ ಇದ್ದದ್ದು 2. ಆಮೇಲೆ ಸರಿಮಾಡಿ ಕಳಿಸಿದರು, ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಟ್ರ್ಯಾಕ್ ಎಷ್ಟು, 48 ಕಿಲೋಹರ್ಟ್ಸ್ ಇದೆಯಾ, ಇಂಟರ್ಲೇಸ್ (ಪ್ರತಿ ಫ್ರೇಮನ್ನು ಎರಡು ಅರ್ಧ, ಅಂದರೆ ಫೀಲ್ಡ್, ಮಾಡಿ ಇಡುವುದು) ಆದರೆ ಮೇಲಿನ ಫೀಲ್ಡ್ ಮೊದಲಾ, ಇವೆಲ್ಲ ಸೇರಿಸಿ ಒಂದೇ ಎಕ್ಸ್‌ಪೋರ್ಟ್ ಪ್ರಿಸೆಟ್ (ಮೊದಲೇ ಉಳಿಸಿಟ್ಟ ಸೆಟ್ಟಿಂಗ್) ಮಾಡಿ. ಹತ್ತೂ ಸೀಟಿಗೆ ಅದನ್ನೇ ಹಾಕಿ, ಉಳಿದ ಪ್ರಿಸೆಟ್‌ಗಳನ್ನು ಅಳಿಸಿಬಿಡಿ. ಎಡಿಟರ್‌ಗಳು ಗೊಣಗುತ್ತಾರೆ, ಗೊಣಗಲಿ.

ಪ್ರಶ್ನೆ: ವರದಿಗಾರರು ಮೊಬೈಲಿನಲ್ಲಿ ತೆಗೆದ ವಿಡಿಯೊ ಟೈಮ್‌ಲೈನ್‌ಗೆ ಹಾಕಿದರೆ ಒಂದು ನಿಮಿಷ ಕಳೆಯುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ. ಯಾಕೆ?

ಉತ್ತರ: ಬಹಳಷ್ಟು ಮೊಬೈಲ್‌ಗಳು ಒಂದೇ ವೇಗದಲ್ಲಿ ಫ್ರೇಮ್ ಬರೆಯುವುದಿಲ್ಲ. 30 ಅಂತ ತೋರಿಸುತ್ತವೆ, ಬೆಳಕು ಕಡಿಮೆಯಾದರೆ ಕೆಳಗಿಳಿಯುತ್ತವೆ. ಎಡಿಟಿಂಗ್ ಸಾಫ್ಟ್‌ವೇರ್ ಒಂದೇ ವೇಗ ಅಂದುಕೊಂಡು ಓಡಿಸಿದರೆ ಚಿತ್ರ ಜಾರುತ್ತಾ ಹೋಗುತ್ತದೆ. ಹಾಗಾಗಿ ಮೊಬೈಲ್ ವಿಡಿಯೊ ಮಾತ್ರ ಮೊದಲೇ ನಿಮ್ಮ ವಾಹಿನಿಯ ಫಾರ್ಮ್ಯಾಟ್‌ಗೆ, ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿಕೊಳ್ಳಿ. ಇಲ್ಲಿ ಕನ್ವರ್ಶನ್ ದಂಡ ಅಲ್ಲ. ಒಂದು ಫೋಲ್ಡರ್‌ಗೆ ಹಾಕಿದ ತಕ್ಷಣ ತಾನೇ ಬದಲಾಗುವಂತೆ ಮಾಡಿಟ್ಟರೆ ಯಾರೂ ಕೂತು ಕಾಯಬೇಕಾಗಿಲ್ಲ. ವರದಿಗಾರರಿಗೆ ಎರಡು ಮಾತು ಹೇಳಿ: ಕ್ಯಾಮೆರಾ ಆ್ಯಪ್‌ನಲ್ಲಿ 25 ಫ್ರೇಮ್ ಇದ್ದರೆ ಅದನ್ನೇ ಇಡಬೇಕು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಮಾಮೂಲಿ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ.

ಪ್ರಶ್ನೆ: ಪತ್ರಿಕಾಗೋಷ್ಠಿ ರೆಕಾರ್ಡ್ ಆಗುತ್ತಿರುವಾಗಲೇ ಎಡಿಟ್ ಶುರು ಮಾಡಬೇಕು. ಎಂಪಿ4 ಫೈಲ್ ತೆರೆಯುವುದೇ ಇಲ್ಲ.

ಉತ್ತರ: ಮಾಮೂಲಿ ಎಂಪಿ4ನ ಇಂಡೆಕ್ಸ್ ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ. ಅಲ್ಲಿಯವರೆಗೆ ಯಾವ ಫ್ರೇಮ್ ಎಲ್ಲಿದೆ ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಇನ್‌ಜೆಸ್ಟ್ ಅನ್ನು, ಅಂದರೆ ಬರುವ ವಿಡಿಯೊ ಸ್ಟೋರೇಜ್‌ಗೆ ರೆಕಾರ್ಡ್ ಆಗುವುದನ್ನು, ಎಂಎಕ್ಸ್‌ಎಫ್ ಒಪಿ1ಎ ಅನ್ನುವ ಫೈಲ್ ಬಗೆಗೆ ಬದಲಿಸಿ, ಬೆಳೆಯುತ್ತಿರುವ ಫೈಲ್ ಓದುವ ಆಯ್ಕೆಯನ್ನು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಆನ್ ಮಾಡಿ. ಸಚಿವರು ಇನ್ನೂ ಮಾತಾಡುತ್ತಿರುವಾಗಲೇ ಮೊದಲ ಬೈಟ್ (ಅವರ ಮಾತಿನ ತುಣುಕು) ಕಟ್ ಮಾಡಿ ಕಳಿಸಬಹುದು.